ಕಿಟಕಿ ಪಕ್ಕದ ಕುರ್ಚಿ

ನೋವು ಮೊದಲು ಬಂದದ್ದು ಎದೆಯಲ್ಲಲ್ಲ, ದವಡೆಯಲ್ಲಿ. ಹಲ್ಲುನೋವು ಇರಬೇಕು ಅಂದುಕೊಂಡು ಎರಡು ದಿನ ಬಿಸಿ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಿದೆ. ಮೂರನೆಯ ದಿನ ಬೆಳಿಗ್ಗೆ ಆಫೀಸಿನ ಮೆಟ್ಟಿಲು ಹತ್ತುತ್ತಿದ್ದಾಗ ದವಡೆಯ ಜೊತೆ ಬೆನ್ನೂ ಹಿಡಿದುಕೊಂಡಿತು. ಇರುವುದು ಒಂದೇ ಮಹಡಿ. 19 ವರ್ಷದಿಂದ ಹತ್ತಿ ಇಳಿದ ಮೆಟ್ಟಿಲು. ಅವತ್ತು ಅರ್ಧಕ್ಕೇ ನಿಂತು ಕಂಬಿ ಹಿಡಿದುಕೊಂಡೆ. ಹಣೆಯ ಮೇಲೆ ತಣ್ಣನೆಯ ಬೆವರು. ಹೇಗೋ ಮೇಲೆ ಹೋಗಿ ನನ್ನ ಕುರ್ಚಿಯಲ್ಲಿ ಕುಳಿತೆ. ಗಾಳಿ ಬರಲಿ ಅಂತ ಪಕ್ಕದ ಕಿಟಕಿ ತೆಗೆದೆ.

ಆ ಕಿಟಕಿಯ ಕೆಳಗೇ ಟ್ರಾಫಿಕ್ ಸಿಗ್ನಲ್ ಇದೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ.

ಎದುರು ಟೇಬಲ್ಲಿನವಳು ನನ್ನ ಮುಖ ನೋಡಿಯೇ ಆಂಬುಲೆನ್ಸ್ ಕರೆದಳು. "ಬೇಡ ಕಣೇ, ಗ್ಯಾಸ್ ಇರಬೇಕು" ಅಂದೆ. ಅವಳು ಕೇಳಲಿಲ್ಲ. ಕೇಳದೇ ಇದ್ದದ್ದು ನನ್ನ ಪುಣ್ಯ. ಹೆಂಗಸರಿಗೆ ಹಾರ್ಟ್ ಅಟ್ಯಾಕ್ ಆದಾಗ ಎದೆ ಹಿಂಡುವ ನೋವೇ ಬರಬೇಕು ಅಂತಿಲ್ಲವಂತೆ. ದವಡೆ ನೋವು, ಬೆನ್ನು ನೋವು, ವಾಕರಿಕೆ, ಕಾರಣವಿಲ್ಲದ ಸುಸ್ತು ಹೀಗೆ ಬೇರೆ ಬೇರೆ ವೇಷದಲ್ಲಿ ಬರಬಹುದಂತೆ. ಅದೆಲ್ಲ ನನಗೆ ಆಮೇಲೆ ಗೊತ್ತಾದದ್ದು.

ಇಸಿಜಿಯಲ್ಲಿ ಅಂಥ ದೊಡ್ಡ ಬದಲಾವಣೆ ಕಾಣಲಿಲ್ಲ. ರಕ್ತ ತೆಗೆದು ಟ್ರೋಪೋನಿನ್ ನೋಡಿದರು. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದಾಗ ರಕ್ತಕ್ಕೆ ಸೋರುವ ಪ್ರೋಟೀನ್ ಅದು. ಮೊದಲ ಸಲ ಸ್ವಲ್ಪ ಜಾಸ್ತಿ ಇತ್ತು. ಮೂರು ಗಂಟೆ ಬಿಟ್ಟು ಮತ್ತೆ ನೋಡಿದಾಗ ಹಲವು ಪಟ್ಟು ಏರಿತ್ತು. ರಕ್ತನಾಳ ಪೂರ್ತಿ ಮುಚ್ಚಿಲ್ಲ, ಆದರೆ ಮುಚ್ಚುವ ದಾರಿಯಲ್ಲಿದೆ ಎಂದರು. ಮರುದಿನ ಮಣಿಕಟ್ಟಿನಿಂದ ಸಣ್ಣ ಕೊಳವೆ ತೂರಿಸಿ, ಹೃದಯದ ನಾಳಗಳನ್ನು ಪರದೆಯ ಮೇಲೆ ತೋರಿಸುವ ಆಂಜಿಯೋಗ್ರಾಂ ಮಾಡಿದರು. ಎಚ್ಚರವಾಗಿಯೇ ಇದ್ದೆ. ಪರದೆಯ ಮೇಲೆ ನನ್ನದೇ ಹೃದಯ ಬಡಿದುಕೊಳ್ಳುತ್ತಿತ್ತು. ಒಂದು ಕಡೆ ನಾಳ ದಾರದಷ್ಟು ಸಣ್ಣಗಾಗಿತ್ತು. ಹೃದಯದ ಮುಂಭಾಗಕ್ಕೆ ರಕ್ತ ಕೊಡುವ ದೊಡ್ಡ ನಾಳವದು. ನೂರಕ್ಕೆ 90 ಭಾಗ ಕಟ್ಟಿಕೊಂಡಿತ್ತು. ಅಲ್ಲೇ ಒಂದು ಸ್ಟೆಂಟ್, ಅಂದರೆ ನಾಳವನ್ನು ತೆರೆದಿಡುವ ಪುಟ್ಟ ಜಾಲರಿ ಕೊಳವೆ, ಹಾಕಿದರು.

ಸಂಜೆ ಒಬ್ಬ ಕಿರಿಯ ಡಾಕ್ಟರ್ ಫಾರಂ ಹಿಡಿದುಕೊಂಡು ಬಂದ. ನನ್ನ ಮಗಳ ವಯಸ್ಸಿನವನು. ಪ್ರಶ್ನೆ ಕೇಳುತ್ತಾ ಟಿಕ್ ಹಾಕುತ್ತಾ ಹೋದ.

"ಸಿಗರೇಟ್?"

"ಇಲ್ಲ."

"ಮನೆಯಲ್ಲಿ ಯಾರಾದರೂ ಸೇದುತ್ತಾರಾ?"

"ಇಲ್ಲಪ್ಪ."

"ಶುಗರ್?"

"ಇಲ್ಲ."

"ತಂದೆ ತಾಯಿಗೆ ಹಾರ್ಟ್ ತೊಂದರೆ?"

"ಇಬ್ಬರೂ 80 ದಾಟಿ ಹೋದವರು."

ಬಿಪಿ ಇದೆ, ಮೂರು ವರ್ಷದಿಂದ ಒಂದು ಮಾತ್ರೆ ನುಂಗುತ್ತೇನೆ ಅಂದೆ. ಕೊಲೆಸ್ಟ್ರಾಲ್ ರಿಪೋರ್ಟ್ ಅವನ ಕೈಯಲ್ಲೇ ಇತ್ತು, ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ 138. ವಯಸ್ಸು 56, ಮುಟ್ಟು ನಿಂತು ಐದು ವರ್ಷ. ಅವನು ಫಾರಂ ಮಡಿಸಿ, "ವಯಸ್ಸು, ಬಿಪಿ, ಕೊಲೆಸ್ಟ್ರಾಲ್, ಇಷ್ಟೇ ಸಾಕು ಮೇಡಂ" ಅಂದ. ಅವನು ಹೇಳಿದ್ದು ತಪ್ಪಲ್ಲ. ಆ ಮೂರೂ ನನ್ನ ಮೇಲೆ ಇದ್ದ ಆರೋಪಗಳೇ. ಆದರೂ ರಾತ್ರಿ ಮಲಗಿದಾಗ ಒಂದು ವಿಷಯ ಚುಚ್ಚುತ್ತಲೇ ಇತ್ತು. ಏನು ತಿನ್ನುತ್ತೀರಿ, ಏನು ಕುಡಿಯುತ್ತೀರಿ, ಏನು ಸೇದುತ್ತೀರಿ ಎಂದು ಕೇಳಿದ. ಏನು ಉಸಿರಾಡುತ್ತೀರಿ ಎಂದು ಕೇಳಲಿಲ್ಲ.

ಸುಳ್ಳು ಯಾಕೆ ಹೇಳಲಿ, ಈ ಮಾತು ಆ ರಾತ್ರಿಯೇ ಹೊಳೆದದ್ದಲ್ಲ. ಅವತ್ತು ನನಗೆ ಹೊಳೆದದ್ದು "ನಾನು ಏನು ತಪ್ಪು ಮಾಡಿದೆ" ಅನ್ನುವ ಅಳು ಮಾತ್ರ. ಉಳಿದದ್ದು ಒಂದೂವರೆ ತಿಂಗಳ ನಂತರದ ಕತೆ.

ಡಿಸ್ಚಾರ್ಜ್ ಆದ ಮೇಲೆ, ಹೃದಯ ಚೇತರಿಸಿಕೊಳ್ಳಲು ವ್ಯಾಯಾಮ ಮಾಡಿಸುವ ರಿಹ್ಯಾಬ್‌ಗೆ ಬರಲು ಹೇಳಿದರು. ವಾರಕ್ಕೆ ಎರಡು ದಿನ, 12 ವಾರ. ಫಿಸಿಯೋಥೆರಪಿಸ್ಟ್ ಒಬ್ಬ ಗಟ್ಟಿ ದನಿಯ ಹೆಂಗಸು. ಮೊದಲ ದಿನ ಕಾರಿಡಾರಿನಲ್ಲಿ ಆರು ನಿಮಿಷ ನಡೆಸಿ ಅಳತೆ ತೆಗೆದುಕೊಂಡಳು. 340 ಮೀಟರ್ ನಡೆದೆ, ಎರಡು ಕಡೆ ನಿಂತೆ. ಗೋಡೆಯ ಮೇಲೆ 6ರಿಂದ 20ರವರೆಗೆ ಅಂಕಿ ಬರೆದ ಒಂದು ಪಟ್ಟಿ ಇತ್ತು. ಎಷ್ಟು ಆಯಾಸ ಆಗುತ್ತಿದೆ ಅಂತ ನಾವೇ ಬೆರಳಿಟ್ಟು ತೋರಿಸಬೇಕು. "11ರಿಂದ 13ರೊಳಗೆ ಇರಲಿ. ನಡೆಯುವಾಗ ಮಾತಾಡೋಕೆ ಆಗಬೇಕು, ಹಾಡೋಕೆ ಆಗಬಾರದು" ಅಂದಳು. ಮನೆಯಲ್ಲೂ ದಿನಾ ಅರ್ಧ ಗಂಟೆ ನಡೆಯಿರಿ ಎಂದಳು.

ನಡೆದೆ. ನಾನು ಹೇಳಿದ ಮಾತು ಮೀರುವವಳಲ್ಲ. ಬೆಳಿಗ್ಗೆ ಆರು ಗಂಟೆಗೇ ಶೂ ಹಾಕಿಕೊಂಡು ಹೊರಡುತ್ತಿದ್ದೆ. ಮುಖ್ಯರಸ್ತೆಯ ಫುಟ್‌ಪಾತ್ ಸಮತಟ್ಟಾಗಿದೆ, ದೀಪ ಇದೆ, ಜನ ಇರುತ್ತಾರೆ. ಬಿದ್ದರೆ ಎತ್ತುವವರು ಇರಲಿ ಅಂತ ಇವರೂ ಅದೇ ದಾರಿ ಒಳ್ಳೆಯದು ಅಂದರು. ಚಳಿಗಾಲ ಶುರುವಾಗಿತ್ತು. ಮೂರನೆಯ ವಾರಕ್ಕೆ ನಡೆದು ಬಂದ ಮೇಲೆ ಎದೆ ಭಾರ, ಒಣ ಕೆಮ್ಮು, ಅರ್ಧ ದಿನ ತಲೆನೋವು. ಸ್ಟೆಂಟ್ ಮತ್ತೆ ಕಟ್ಟಿಕೊಂಡಿತೇನೋ ಅಂತ ಜೀವ ಹಾರಿತು. ಓಡಿ ಹೋಗಿ ಇಸಿಜಿ ಮಾಡಿಸಿದರೆ ಏನೂ ಇಲ್ಲ.

ಆಗ ಆ ಫಿಸಿಯೋ ಕೇಳಿದ ಪ್ರಶ್ನೆ, "ಎಲ್ಲಿ ನಡೀತೀರಿ?"

ಎಷ್ಟು ಹೊತ್ತು, ಎಷ್ಟು ವೇಗ ಅಂತ ಎಲ್ಲರೂ ಕೇಳಿದ್ದರು. ಎಲ್ಲಿ ಅಂತ ಕೇಳಿದವಳು ಇವಳೊಬ್ಬಳೇ. ನಾನು ಹೇಳಿದೆ. ಅವಳು ಹಣೆ ಚಚ್ಚಿಕೊಂಡಳು. ಆಮೇಲೆ ಲಂಡನ್ನಿನಲ್ಲಿ ನಡೆದ ಒಂದು ಪ್ರಯೋಗದ ಕತೆ ಹೇಳಿದಳು. 60 ದಾಟಿದ 119 ಜನರನ್ನು ಎರಡು ಕಡೆ ಎರಡೆರಡು ಗಂಟೆ ನಡೆಸಿದರಂತೆ. ಒಂದು ದಿನ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ. ಬಸ್ಸು, ಟ್ಯಾಕ್ಸಿಗಳದೇ ರಾಜ್ಯವಾದ ಡೀಸೆಲ್ ಹೊಗೆಯ ಬೀದಿ ಅದು. ಕೆಲವು ವಾರ ಬಿಟ್ಟು ಇನ್ನೊಂದು ದಿನ ಹೈಡ್ ಪಾರ್ಕಿನಲ್ಲಿ. ಅದೇ ಕಾಲು, ಅದೇ ಹೊತ್ತು. ಪಾರ್ಕಿನಲ್ಲಿ ನಡೆದಾಗ ಶ್ವಾಸಕೋಶ ಚೆನ್ನಾಗಿ ಕೆಲಸ ಮಾಡಿತು, ರಕ್ತನಾಳಗಳ ಬಿಗಿತ ಸಡಿಲವಾಯಿತು. ಬೀದಿಯಲ್ಲಿ ನಡೆದಾಗ ಆ ಲಾಭದಲ್ಲಿ ಹೆಚ್ಚಿನದು ಕೈಗೆ ಸಿಗಲೇ ಇಲ್ಲ. ಅವರಲ್ಲಿ ಒಂದಷ್ಟು ಜನ ನನ್ನ ಹಾಗೆ ಹೃದಯದ ರೋಗಿಗಳು.

"ಕುಳಿತಾಗ ನಿಮಿಷಕ್ಕೆ ಆರೇಳು ಲೀಟರ್ ಗಾಳಿ ಎಳೀತೀರಿ. ಬೀಸಾಗಿ ನಡೆದರೆ ಅದರ ಮೂರು ನಾಲ್ಕು ಪಟ್ಟು. ಬಾಯಲ್ಲಿ ಉಸಿರಾಡಿದರೆ ಮೂಗಿನ ಜರಡಿಯೂ ಇಲ್ಲ. ಆ ರಸ್ತೆಯಲ್ಲಿ ನೀವು ವ್ಯಾಯಾಮ ಮಾಡ್ತಿರೋದು ಯಾರಿಗೋಸ್ಕರ?" ಅಂದಳು.

ಗಾಳಿ ಕೆಟ್ಟರೆ ಕೆಮ್ಮು ಬರುತ್ತದೆ, ಆಸ್ತಮಾ ಬರುತ್ತದೆ, ಇಷ್ಟು ನನಗೂ ಗೊತ್ತಿತ್ತು. ಶ್ವಾಸಕೋಶದ ವಿಷಯ ಅದು ಅಂದುಕೊಂಡಿದ್ದೆ. ಹೃದಯಕ್ಕೂ ಅದಕ್ಕೂ ಏನು ಸಂಬಂಧ? ಮನೆಗೆ ಬಂದು ಓದಲು ಕೂತೆ. ಲೆಕ್ಕಪತ್ರದ ಕೆಲಸದವಳು ನಾನು, ಅಂಕಿ ಕಂಡರೆ ಬಿಡುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ ನೋಡಿ ಎರಡು ಸಲ ಕಣ್ಣುಜ್ಜಿಕೊಂಡೆ. 2019ರಲ್ಲಿ ಹೊರಗಿನ ಗಾಳಿಯ ಮಾಲಿನ್ಯದಿಂದ ಅಕಾಲದಲ್ಲಿ ಸತ್ತವರು ಸುಮಾರು 42 ಲಕ್ಷ. ಅವರಲ್ಲಿ ನೂರಕ್ಕೆ 68 ಜನರನ್ನು ಕೊಂದದ್ದು ಹೃದ್ರೋಗ ಮತ್ತು ಪಾರ್ಶ್ವವಾಯು. ಶ್ವಾಸಕೋಶದ ಕ್ಯಾನ್ಸರ್ ಪಾಲು ನೂರಕ್ಕೆ ನಾಲ್ಕು.

ಇದು ಹೇಗೆ? ನನಗೆ ಅರ್ಥವಾದ ಹಾಗೆ ಹೇಳುತ್ತೇನೆ. ಮುಖ್ಯ ಖಳನ ಹೆಸರು ಪಿಎಂ 2.5. ಎರಡೂವರೆ ಮೈಕ್ರಾನ್‌ಗಿಂತ ಸಣ್ಣ ಕಣಗಳು. ತಲೆಗೂದಲಿನ ದಪ್ಪದಲ್ಲಿ ಮೂವತ್ತರಲ್ಲಿ ಒಂದು ಪಾಲು ಇಟ್ಟುಕೊಳ್ಳಿ. ಇಂಜಿನ್, ಕಲ್ಲಿದ್ದಲು, ಸೌದೆ, ಕಸ, ಏನು ಸುಟ್ಟರೂ ಹುಟ್ಟುತ್ತವೆ. ಇಷ್ಟು ಸಣ್ಣದನ್ನು ಮೂಗಿನ ಕೂದಲಾಗಲಿ ಗಂಟಲಿನ ಲೋಳೆಯಾಗಲಿ ತಡೆಯಲಾರವು. ಶ್ವಾಸಕೋಶದ ತುದಿಯ ಗಾಳಿಚೀಲದವರೆಗೆ ಹೋಗಿ ಕೂರುತ್ತವೆ. ಅಲ್ಲಿ ಉರಿಯೂತ ಶುರುವಾಗುತ್ತದೆ. ಆ ಉರಿ ಅಲ್ಲೇ ಉಳಿಯದೆ ರಕ್ತಕ್ಕೂ ಹರಡುತ್ತದೆ. ರಕ್ತನಾಳದ ಒಳಗೋಡೆ ಹಿಗ್ಗುವ ಗುಣ ಕಳೆದುಕೊಳ್ಳುತ್ತದೆ, ರಕ್ತ ಸ್ವಲ್ಪ ಬೇಗ ಹೆಪ್ಪುಗಟ್ಟುವ ಹಾಗಾಗುತ್ತದೆ. ಜೊತೆಗೆ ಶ್ವಾಸಕೋಶದ ನರಗಳು ಕೆರಳಿ ಬಿಪಿ ಏರುತ್ತದೆ, ಬಡಿತದ ತಾಳ ತಪ್ಪುತ್ತದೆ. ಮೂರನೆಯದು ನನ್ನನ್ನು ಬೆಚ್ಚಿಬೀಳಿಸಿದ್ದು. ಕಣ ತುಂಬಾ ಸಣ್ಣದಾಗಿದ್ದರೆ ಸೀದಾ ರಕ್ತಕ್ಕೇ ಇಳಿಯುತ್ತದೆ.

ಇದನ್ನು ತೋರಿಸಲು ಎಡಿನ್‌ಬರೋದ ಸಂಶೋಧಕರು ಚಿನ್ನ ಬಳಸಿದರು. ಚಿನ್ನ ದೇಹಕ್ಕೆ ಹಾನಿ ಮಾಡುವುದಿಲ್ಲ, ಎಲ್ಲಿದ್ದರೂ ಪತ್ತೆ ಹಚ್ಚಬಹುದು. ಅತಿ ಸಣ್ಣ ಚಿನ್ನದ ಕಣಗಳನ್ನು ಸ್ವಯಂಸೇವಕರಿಗೆ ಉಸಿರಾಡಿಸಿದರು. ಕೆಲವರ ರಕ್ತದಲ್ಲಿ 15 ನಿಮಿಷಕ್ಕೇ ಚಿನ್ನ ಸಿಕ್ಕಿತು. ಮೂರು ತಿಂಗಳಾದರೂ ರಕ್ತದಲ್ಲಿ, ಮೂತ್ರದಲ್ಲಿ ಇತ್ತು. ಕತ್ತಿನ ರಕ್ತನಾಳ ಕಟ್ಟಿಕೊಂಡು ಆಪರೇಷನ್‌ಗೆ ಕಾಯುತ್ತಿದ್ದ ರೋಗಿಗಳೂ ಚಿನ್ನ ಉಸಿರಾಡಿದ್ದರು. ಅವರ ನಾಳದಿಂದ ಕೆರೆದು ತೆಗೆದ ಕೊಬ್ಬಿನ ಗಡ್ಡೆಯಲ್ಲೂ ಅದು ಸಿಕ್ಕಿತು. ಅಂದರೆ ಎಲ್ಲಿ ಗಾಯ ಇದೆಯೋ ಅಲ್ಲಿಗೇ ಹೋಗಿ ಸೇರಿತ್ತು. 2017ರಲ್ಲಿ ಪ್ರಕಟವಾದ ಕೆಲಸ ಇದು. ಓದುತ್ತಾ ನನ್ನ ಕೈ ತಾನಾಗಿಯೇ ಎದೆಯ ಎಡಭಾಗಕ್ಕೆ ಹೋಯಿತು.

ಇನ್ನೊಂದು 2007ರದು. ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಚೇತರಿಸಿಕೊಂಡಿದ್ದ 20 ಗಂಡಸರನ್ನು ಒಂದು ಕೋಣೆಯಲ್ಲಿ ಕೂರಿಸಿ, ನಡುನಡುವೆ ಸೈಕಲ್ ತುಳಿಸಿದರು. ಒಂದು ದಿನ ಶುದ್ಧ ಗಾಳಿ, ಇನ್ನೊಂದು ದಿನ ತೆಳು ಮಾಡಿದ ಡೀಸೆಲ್ ಹೊಗೆ, ಒಂದೊಂದು ಗಂಟೆ. ಹೊಗೆಯ ದಿನ ಇಸಿಜಿಯಲ್ಲಿ ಹೃದಯಕ್ಕೆ ರಕ್ತ ಸಾಲುತ್ತಿಲ್ಲ ಅನ್ನುವ ಗುರುತು ಜಾಸ್ತಿ ಕಂಡಿತು. ಹೆಪ್ಪು ಕರಗಿಸುವ ದೇಹದ ಸ್ವಂತ ಶಕ್ತಿಯೂ ಕುಗ್ಗಿತ್ತು. ಅವರಲ್ಲಿ ಯಾರಿಗೂ ನೋವು ಗೊತ್ತಾಗಲಿಲ್ಲವಂತೆ.

ಇಷ್ಟು ಓದಿದ ಮೇಲೆ ಸುಮ್ನೆ ಕೂರುವವರು ಯಾರು? ಮಗಳಿಗೆ ಹೇಳಿ ಅಂಗೈಯಗಲದ ಒಂದು ಗಾಳಿ ಮೀಟರ್ ತರಿಸಿಕೊಂಡೆ. ಒಳಗೆ ಒಂದು ಪುಟ್ಟ ಫ್ಯಾನು, ಒಂದು ಲೇಸರ್. ಕಣ ಹಾದುಹೋಗುವಾಗ ಬೆಳಕು ಚದುರುತ್ತದೆ, ಅದನ್ನು ಎಣಿಸಿ ಅಂಕಿ ತೋರಿಸುತ್ತದೆ. ಫೋನಿನಲ್ಲಿ ಗಾಳಿ ಎಷ್ಟು ಕೆಟ್ಟಿದೆ ಅನ್ನುವ ಎಕ್ಯೂಐ ಅಂಕಿ ಬರುತ್ತಲ್ಲ ಅಂತ ಇವರು ಕೇಳಿದರು. ಬರುತ್ತದೆ. ಆದರೆ ಅದು ಎಷ್ಟೋ ಕಿಲೋಮೀಟರ್ ಆಚೆ ಇರುವ ಯಂತ್ರದ ಲೆಕ್ಕ, ಅದೂ ಹಲವು ಗಂಟೆಗಳ ಸರಾಸರಿ. ನನ್ನ ಮೂಗಿನ ತುದಿಯಲ್ಲಿ ಈಗ ಏನಿದೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಎರಡು ವಾರ ಮೀಟರನ್ನು ಮಗುವಿನ ಹಾಗೆ ಹೊತ್ತು ತಿರುಗಿದೆ. ಹಳೆಯ ಲೆಡ್ಜರಿನಲ್ಲಿ ಗೆರೆ ಎಳೆದು ಹೊತ್ತು, ಜಾಗ, ಅಂಕಿ ಬರೆದೆ. ಪಿಎಂ 2.5ಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹಾಕಿದ ಮಿತಿ ಒಂದು ಘನ ಮೀಟರ್ ಗಾಳಿಗೆ ವರ್ಷದ ಸರಾಸರಿ 5 ಮೈಕ್ರೋಗ್ರಾಂ, ದಿನದ ಲೆಕ್ಕದಲ್ಲಿ 15. ಅದಕ್ಕೂ ಮೊದಲು, 2005ರಲ್ಲಿ, 10 ಮತ್ತು 25 ಇಟ್ಟಿದ್ದರು. ನನ್ನ ಲೆಡ್ಜರಿನಲ್ಲಿ 15ರ ಕೆಳಗೆ ಬಂದದ್ದು ಒಂದೇ ಒಂದು ಸಲ, ರಾತ್ರಿಯಿಡೀ ಮಳೆ ಸುರಿದ ಮರುದಿನ ಬೆಳಿಗ್ಗೆ. 9 ಅಂತ ತೋರಿಸಿತು. ಮೀಟರ್ ಕೆಟ್ಟಿತೇನೋ ಅಂತ ಕುಟ್ಟಿ ನೋಡಿದೆ.

ಬೆಳಗಿನ ಆರು ಗಂಟೆಯ ಗಾಳಿ ಶುದ್ಧ ಎಂದು ಚಿಕ್ಕವಳಾಗಿದ್ದಾಗಿನಿಂದ ನಂಬಿದ್ದೆ. ಮುಖ್ಯರಸ್ತೆಯಲ್ಲಿ ಆರಕ್ಕೆ 110, ಹತ್ತೂವರೆಗೆ ಅದೇ ಜಾಗದಲ್ಲಿ 50. ಚಳಿಗಾಲದ ಬೆಳಗಿನ ಜಾವ ನೆಲದ ಹತ್ತಿರದ ಗಾಳಿ ತಣ್ಣಗಿರುತ್ತದೆ, ಮೇಲೆ ಬೆಚ್ಚಗಿನ ಪದರ. ಪಾತ್ರೆಗೆ ಮುಚ್ಚಳ ಮುಚ್ಚಿದ ಹಾಗೆ. ರಾತ್ರಿಯ ಹೊಗೆಯೆಲ್ಲ ಕೆಳಗೇ ಇರುತ್ತದೆ, ಬಿಸಿಲು ಏರಿದ ಮೇಲೆ ಮುಚ್ಚಳ ತೆರೆಯುತ್ತದೆ. ಮಂಜಿನ ದಿನ ಈ ಅಗ್ಗದ ಮೀಟರುಗಳು ತೇವದ ಹನಿಯನ್ನೂ ಕಣ ಅಂತ ಎಣಿಸಿಬಿಡುತ್ತವೆ, ಹಾಗಾಗಿ 110ನ್ನು ನಾನು ಪೂರ್ತಿ ನಂಬುವುದಿಲ್ಲ. ಆದರೆ ಮಂಜಿಲ್ಲದ ದಿನಗಳಲ್ಲೂ ಬೆಳಗಿನದೇ ಜಾಸ್ತಿ.

ರಸ್ತೆಯಿಂದ ಎರಡು ಸಾಲು ಮನೆ ಒಳಗೆ ಒಂದು ಗಲ್ಲಿ ಇದೆ. ಅದೇ ಹೊತ್ತಿಗೆ ಅಲ್ಲಿ ನಡೆದರೆ ಅಂಕಿ ಮೂರನೇ ಒಂದು ಭಾಗ ಇಳಿಯಿತು. ವಾಹನದ ಹೊಗೆಯಲ್ಲಿ ತೀರಾ ಸಣ್ಣ ಕಣಗಳು ರಸ್ತೆಯ ಅಂಚಿನಲ್ಲೇ ದಟ್ಟವಾಗಿದ್ದು, ನೂರಿನ್ನೂರು ಮೀಟರ್ ದೂರಕ್ಕೆ ತುಂಬಾ ಕಡಿಮೆಯಾಗುತ್ತವೆ. ಅಂಥವನ್ನು ನನ್ನ ಮೀಟರ್ ಎಣಿಸುವುದೇ ಇಲ್ಲ. ಅಂದರೆ ನಿಜವಾದ ವ್ಯತ್ಯಾಸ ಇನ್ನೂ ದೊಡ್ಡದು.

ಲೆಡ್ಜರಿನ ಅತಿ ದೊಡ್ಡ ಅಂಕಿ ಮಾತ್ರ ರಸ್ತೆಯದಲ್ಲ. 340. ಅದು ನನ್ನ ಅಡುಗೆಮನೆ. ಒಂದು ಭಾನುವಾರ ಬಾಣಲೆಯಲ್ಲಿ ಎಣ್ಣೆ ಹೊಗೆಯಾಡುವಷ್ಟು ಕಾದಿತ್ತು, ಕಿಟಕಿ ಮುಚ್ಚಿತ್ತು. ಮುಚ್ಚಿದ್ದು ನಾನೇ, ಹೊರಗಿನ ಕೆಟ್ಟ ಗಾಳಿ ಬರಬಾರದು ಅಂತ! ಇವರು ಬಾಗಿಲಲ್ಲಿ ನಿಂತು, "ಏನೇ ನೀನು, ನಮ್ಮನ್ನೆಲ್ಲ ಡಬ್ಬಿಗೆ ಹಾಕಿ ಮುಚ್ಚಿಟ್ಟಿದ್ದೀಯ" ಅಂದರು. ಉತ್ತರ ಕೊಡಲು ಬಾಯಿ ಬರಲಿಲ್ಲ.

ಆಮೇಲೆ ಆಫೀಸಿನ ಕುರ್ಚಿ. ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಮೀಟರನ್ನು ಟೇಬಲ್ ಮೇಲೆ, ಫೈಲುಗಳ ಮಧ್ಯೆ ಇಟ್ಟೆ. ಸಿಗ್ನಲ್ ಕೆಂಪಾದರೆ ಅಂಕಿ ಏರಲು ಶುರು. 70, 85, 100. ಹಸಿರಾಗಿ ಗಾಡಿಗಳೆಲ್ಲ ಒಟ್ಟಿಗೆ ಎದ್ದಾಗ 120. ಆಮೇಲೆ ನಿಧಾನವಾಗಿ ಇಳಿತ. ಮತ್ತೆ ಕೆಂಪು. ಅಲೆ ಬಂದು ಹೋದ ಹಾಗೆ. ಅದನ್ನೇ ನೋಡುತ್ತಾ ಅರ್ಧ ಗಂಟೆ ಏನೂ ಕೆಲಸ ಮಾಡಲಿಲ್ಲ. ದಿನಕ್ಕೆ ಎಂಟು ಗಂಟೆ, 19 ವರ್ಷ. ಗುಣಿಸಲು ಹೋಗಿ ಪೆನ್ನು ಕೆಳಗಿಟ್ಟೆ. ಹಿಂದುಗಡೆ ಹಳೆಯ ಕಡತಗಳ ಕೋಣೆಗೆ ಮೀಟರ್ ಒಯ್ದರೆ 35.

ಇಲ್ಲಿ ನನ್ನ ಹುಚ್ಚಿನ ಕತೆಯನ್ನೂ ಹೇಳಬೇಕು. ಆ ದಿನಗಳಲ್ಲಿ ರಾತ್ರಿ ಮಲಗಿದರೆ ಇದ್ದಕ್ಕಿದ್ದಂತೆ ಉಸಿರು ಸಾಲದ ಹಾಗೆ ಆಗುತ್ತಿತ್ತು. ಎದ್ದು ಕುಳಿತು ಎರಡು ಸಲ ಆಳವಾಗಿ ಎಳೆದುಕೊಂಡರೆ ಸರಿಹೋಗುತ್ತಿತ್ತು. ಇದು ಗಾಳಿಯದೇ ಕಿತಾಪತಿ ಎಂದು ನನಗೆ ಖಾತ್ರಿ. ರಾತ್ರಿ ಎರಡು ಗಂಟೆಗೆ ಎದ್ದು ಮೀಟರ್ ನೋಡುವುದು, ಬಾಗಿಲ ಸಂದಿಗೆ ಬಟ್ಟೆ ತುರುಕುವುದು. ಹಗಲು ಯಾರಾದರೂ ಗಾಡಿ ಸ್ಟಾರ್ಟ್ ಮಾಡಿದರೆ ಉಸಿರು ಬಿಗಿಹಿಡಿಯುವುದು. ಮಗಳು ಒಂದು ದಿನ, "ಅಮ್ಮಾ, ನಿನಗೆ ಗಾಳಿಗಿಂತ ಈ ಮೀಟರೇ ಜಾಸ್ತಿ ಬಿಪಿ ಕೊಡ್ತಿದೆ" ಅಂದಳು. ಸಿಟ್ಟು ಬಂತು. ನಿಜ ಇದ್ದದ್ದಕ್ಕೇ ಸಿಟ್ಟು ಬಂದದ್ದು.

ಲೆಡ್ಜರ್ ಹಿಡಿದುಕೊಂಡು ಹೃದಯದ ಡಾಕ್ಟರ ಹತ್ತಿರ ಹೋದೆ. ಅವರು ತಾಳ್ಮೆಯಿಂದ ನಾಲ್ಕು ಪುಟ ತಿರುವಿದರು. ಆಮೇಲೆ ಲೆಡ್ಜರ್ ಮುಚ್ಚಿ, "ಮಾತ್ರೆ ಪಟ್ಟಿ ತೋರಿಸಮ್ಮ" ಅಂದರು. ಆ ಉಸಿರುಗಟ್ಟುವಿಕೆ ಗಾಳಿಯದಲ್ಲ, ಟಿಕಾಗ್ರೆಲಾರ್‌ನದು! ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಆಸ್ಪಿರಿನ್ ಜೊತೆ ಕೊಡುವ ಮಾತ್ರೆ. ಕೆಲವರಿಗೆ ಅದರಿಂದ ಈ ಥರ ಉಸಿರಿನ ತೊಂದರೆ ಆಗುವುದು ಎಲ್ಲ ಡಾಕ್ಟರಿಗೂ ಗೊತ್ತಿರುವ ವಿಷಯವಂತೆ. "ನೀವಾಗಿ ನಿಲ್ಲಿಸಲಿಲ್ಲವಲ್ಲ, ಅದೇ ದೊಡ್ಡದು. ನಿಲ್ಲಿಸಿದ್ದರೆ ಸ್ಟೆಂಟ್ ಮುಚ್ಚಿಹೋಗುತ್ತಿತ್ತೋ ಏನೋ" ಎಂದು ಅದೇ ಕೆಲಸ ಮಾಡುವ ಇನ್ನೊಂದು ಮಾತ್ರೆ ಕ್ಲೊಪಿಡೋಗ್ರೆಲ್‌ಗೆ ಬದಲಾಯಿಸಿದರು. ನಾಲ್ಕೈದು ದಿನದಲ್ಲಿ ರಾತ್ರಿ ನಿದ್ದೆ ಬಂತು. ಬಾಗಿಲ ಸಂದಿಯ ಬಟ್ಟೆ ತೆಗೆದೆ.

ಅವತ್ತು ಅವರನ್ನು ನೇರವಾಗಿ ಕೇಳಿದ್ದೆ, "ಡಾಕ್ಟ್ರೇ, ನನಗೆ ಅಟ್ಯಾಕ್ ಆದದ್ದು ಆ ಕಿಟಕಿಯಿಂದಾನಾ?"

"ಹೌದು ಅಂತಲೂ ಹೇಳೋಕಾಗಲ್ಲ, ಅಲ್ಲ ಅಂತಲೂ ಹೇಳೋಕಾಗಲ್ಲ" ಅಂದರು. ಒಬ್ಬ ಮನುಷ್ಯನ ಮಟ್ಟದಲ್ಲಿ ಗಾಳಿಯ ಪಾಲನ್ನು ಬೇರ್ಪಡಿಸಿ ತೋರಿಸುವ ಟೆಸ್ಟ್ ಇಲ್ಲ. ಪಿಎಂ 2.5 ಹತ್ತು ಮೈಕ್ರೋಗ್ರಾಂ ಏರಿದರೆ ಮುಂದಿನ ಕೆಲವು ದಿನಗಳಲ್ಲಿ ಅಟ್ಯಾಕ್ ಆಗುವ ಸಂಭವ ನೂರಕ್ಕೆ ಎರಡೂವರೆಯಷ್ಟು ಹೆಚ್ಚುತ್ತದೆ ಎಂದು ಹಲವು ಅಧ್ಯಯನ ಕೂಡಿಸಿ 2012ರಲ್ಲಿ ಲೆಕ್ಕ ಹಾಕಿದ್ದಾರಂತೆ. ಇದ್ದ ಸಂಭವದ ಮೇಲೆ ಎರಡೂವರೆ ಭಾಗ. ಕೇಳಿದರೆ ಏನೂ ಅಲ್ಲ ಅನಿಸುತ್ತದೆ, ಅಲ್ವಾ? ನಾನೂ ಹಾಗೇ ಅಂದೆ. ಅವರು ನಕ್ಕು ಇನ್ನೊಂದು ಲೆಕ್ಕ ಹೇಳಿದರು. 2011ರಲ್ಲಿ ಲ್ಯಾನ್ಸೆಟ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಅಟ್ಯಾಕ್ ಶುರುಮಾಡುವ ಕಿಡಿಗಳನ್ನೆಲ್ಲ ಸಾಲಾಗಿ ಇಟ್ಟು ತೂಗಿದರಂತೆ. ಒಬ್ಬನ ಲೆಕ್ಕಕ್ಕೆ ಅತಿ ಅಪಾಯದ್ದು ಕೊಕೇನ್, 20 ಪಟ್ಟಿಗೂ ಜಾಸ್ತಿ. ಆದರೆ ಊರಿನ ಒಟ್ಟು ಲೆಕ್ಕದಲ್ಲಿ ಅದರ ಪಾಲು ನೂರಕ್ಕೆ ಒಂದೂ ಇಲ್ಲ. ವಾಹನಗಳ ನಡುವೆ ಸಿಕ್ಕಿಕೊಳ್ಳುವುದರ ಪಾಲು 7.4. ಪಟ್ಟಿಯಲ್ಲಿ ಅದೇ ಮೊದಲು. ಯಾಕೆಂದರೆ ಕೊಕೇನ್ ಸೇದುವವರು ಬೆರಳೆಣಿಕೆ, ರಸ್ತೆಯ ಗಾಳಿ ಎಲ್ಲರಿಗೂ.

"ಅದು ಕಿಡಿಯ ಮಾತು. ಸಿಡಿಮದ್ದು ವರ್ಷಗಟ್ಟಲೆ ತುಂಬಿಕೊಂಡಿರುತ್ತೆ. ಗಾಳಿ ಅದನ್ನೂ ಸ್ವಲ್ಪ ಬೇಗ ತುಂಬಿಸುತ್ತೆ. ಅಮೆರಿಕದಲ್ಲಿ ಆರೇಳು ಸಾವಿರ ಜನರನ್ನು ಹತ್ತು ವರ್ಷ ಹಿಂಬಾಲಿಸಿ ನೋಡಿದ್ದಾರೆ. ಕೆಟ್ಟ ಗಾಳಿಯಲ್ಲಿ ಇದ್ದವರ ಹೃದಯದ ನಾಳದಲ್ಲಿ ಸುಣ್ಣ ಬೇಗ ಕಟ್ಟಿತ್ತು" ಎಂದು ಹೇಳಿ, ಒಂದು ಕ್ಷಣ ಬಿಟ್ಟು, "ಆದರೆ ನೋಡಮ್ಮ, ನಿಮ್ಮ ಎಲ್‌ಡಿಎಲ್ ಇನ್ನೂ 74. ಅದನ್ನು 55ರ ಕೆಳಗೆ ತರೋದು ನನ್ನ ಕೈಲಿದೆ. ಸಿಗ್ನಲ್ ನನ್ನ ಕೈಲಿಲ್ಲ" ಎಂದರು. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಮಾತ್ರೆಯ ಡೋಸ್ ಏರಿಸಿದರು.

ಆಮೇಲೆ ನಾನು ಬದಲಾಯಿಸಿದ್ದು ತುಂಬಾ ಕಡಿಮೆ. ನಡಿಗೆ ಒಳಗಿನ ಗಲ್ಲಿಗೆ ಹೋಯಿತು. ರಜೆಯ ದಿನ ಹತ್ತು ಗಂಟೆಗೆ, ಕೆಲಸದ ದಿನ ಮಧ್ಯಾಹ್ನದ ಬಿಡುವಿನಲ್ಲಿ. ಅಂಕಿ ತೀರಾ ಜಾಸ್ತಿ ಇದ್ದ ದಿನ ಮನೆಯೊಳಗೇ ಆಚೀಚೆ. ನಡೆಯುವುದನ್ನು ಮಾತ್ರ ನಿಲ್ಲಿಸಲಿಲ್ಲ, ಫಿಸಿಯೋ ಆ ಒಂದು ವಿಷಯದಲ್ಲಿ ಕೋಲು ಹಿಡಿದು ಕೂತಿದ್ದಳು. ಅಡುಗೆಮನೆಯಲ್ಲಿ ಒಲೆ ಹಚ್ಚುವ ಮೊದಲೇ ಎಕ್ಸಾಸ್ಟ್ ಫ್ಯಾನ್ ಹಾಕುತ್ತೇನೆ, ಆರಿಸಿದ ಮೇಲೂ ಹತ್ತು ನಿಮಿಷ ಬಿಡುತ್ತೇನೆ. ಎಣ್ಣೆ ಹೊಗೆಯಾಡುವ ಮೊದಲೇ ಉರಿ ಸಣ್ಣ ಮಾಡುತ್ತೇನೆ. ಮಲಗುವ ಕೋಣೆಗೆ ಮಗಳು ಸಣ್ಣ ಕಣಗಳನ್ನು ಸೋಸುವ ಹೆಪಾ ಫಿಲ್ಟರಿನ ಒಂದು ಯಂತ್ರ ತಂದಿಟ್ಟಳು. ಬಾಗಿಲು ಹಾಕಿ ಒಂದು ಗಂಟೆ ಓಡಿಸಿದರೆ ಅಂಕಿ ಹತ್ತರ ಆಸುಪಾಸಿಗೆ ಇಳಿಯುತ್ತದೆ. ಬಾಗಿಲು ತೆಗೆದಿಟ್ಟರೆ ಅದು ಸುಮ್ನೆ ಗಾಳಿ ಬೀಸುವ ಪೆಟ್ಟಿಗೆ, ಅಷ್ಟೇ.

ಮಾಸ್ಕ್ ವಿಷಯದಲ್ಲಿ ಮೊದಲು ಮೋಸ ಹೋದೆ. ಆಪರೇಷನ್ ಥಿಯೇಟರಿನಲ್ಲಿ ಹಾಕುವ ಥರದ ನೀಲಿ ಮಾಸ್ಕ್ ಹಾಕಿಕೊಂಡು ಧೈರ್ಯವಾಗಿದ್ದೆ. ಕೆನ್ನೆಯ ಪಕ್ಕದಿಂದ ಗಾಳಿ ಸಲೀಸಾಗಿ ನುಗ್ಗುತ್ತದೆ. ಎನ್95 ಆದರೆ ಅತಿ ಸಣ್ಣ ಕಣಗಳನ್ನೂ ನೂರಕ್ಕೆ 95 ತಡೆಯುತ್ತದೆ, ಮುಖಕ್ಕೆ ಸರಿಯಾಗಿ ಕೂತರೆ ಮಾತ್ರ. ಕನ್ನಡಕ ಮಂಜಾದರೆ ಮೂಗಿನ ಹತ್ತಿರ ಸೋರುತ್ತಿದೆ ಅಂತ ಲೆಕ್ಕ. ಬೀಜಿಂಗಿನಲ್ಲಿ ಸುಮಾರು ನೂರು ಹೃದ್ರೋಗಿಗಳಿಗೆ ಒಳ್ಳೆಯ ಮಾಸ್ಕ್ ಹಾಕಿಸಿ ಊರೊಳಗೆ ಎರಡು ಗಂಟೆ ನಡೆಸಿದಾಗ, ಮಾಸ್ಕ್ ಇಲ್ಲದ ದಿನಕ್ಕಿಂತ ಬಿಪಿ ಕಡಿಮೆ ಇತ್ತು, ಇಸಿಜಿಯೂ ವಾಸಿಯಿತ್ತು. ನಾನು ಮುಖ್ಯರಸ್ತೆ ದಾಟಿ ಆಫೀಸಿಗೆ ಹೋಗುವ ಆ 20 ನಿಮಿಷ ಮಾತ್ರ ಹಾಕುತ್ತೇನೆ. ಅದನ್ನು ಹಾಕಿಕೊಂಡು ಬೀಸಾಗಿ ನಡೆದರೆ ನನಗೆ ಆಯಾಸ ಜಾಸ್ತಿ.

12ನೆಯ ವಾರ ಅದೇ ಕಾರಿಡಾರಿನಲ್ಲಿ ಮತ್ತೆ ಆರು ನಿಮಿಷ ನಡೆಸಿದಳು. 465 ಮೀಟರ್. ಎಲ್ಲೂ ನಿಲ್ಲಲಿಲ್ಲ. ಇದರಲ್ಲಿ ಮಾತ್ರೆಯ ಪಾಲೆಷ್ಟು, ನಡಿಗೆಯದೆಷ್ಟು, ಗಲ್ಲಿಯ ಗಾಳಿಯದೆಷ್ಟು ಎಂದು ಕೇಳಬೇಕು ಅನಿಸಿತು. ಕೇಳಲಿಲ್ಲ. ಮೀಟರ್ ಈಗ ಬೀರುವಿನಲ್ಲಿದೆ, ವಾರಕ್ಕೊಮ್ಮೆ ತೆಗೆಯುತ್ತೇನೆ.

ಆಫೀಸಿನಲ್ಲಿ ಜಾಗ ಬದಲಾಯಿಸಿಕೊಡಿ ಎಂದು ಅರ್ಜಿ ಬರೆದೆ, ಡಾಕ್ಟರ ಚೀಟಿ ಲಗತ್ತಿಸಿ. ಸಾಹೇಬರು ಚೀಟಿ ಓದಿ, "ಆ ಕಿಟಕಿ ಪಕ್ಕದ ಜಾಗಕ್ಕೆ ಎಲ್ಲರೂ ಆಸೆ ಪಡ್ತಾರೆ, ನೀವು ಬಿಡ್ತೀರಾ?" ಎಂದು ಕೇಳಿದರು. ಹೌದು ಸಾರ್ ಅಂದೆ. ಒಂದು ವಾರದಲ್ಲಿ ನನ್ನ ಟೇಬಲ್ಲು ಹಿಂದಿನ ಕಡತದ ಕೋಣೆಗೆ ಬಂತು. ಬೆಳಕು ಕಡಿಮೆ, ಹಳೆಯ ಕಾಗದದ ವಾಸನೆ. ಆದರೆ 35.

ನನ್ನ ಹಳೆಯ ಕುರ್ಚಿಯಲ್ಲಿ ಈಗ ಹೊಸದಾಗಿ ಸೇರಿದ ಹುಡುಗ ಕೂರುತ್ತಾನೆ. 26 ವರ್ಷ ಇರಬಹುದು. ಕಿಟಕಿ ಪಕ್ಕದ ಜಾಗ ಸಿಕ್ಕಿತು ಅಂತ ಖುಷಿಯಾಗಿದ್ದಾನೆ. ಮೊನ್ನೆ ಫೈಲು ಕೊಡಲು ಹೋದಾಗ, "ಕಿಟಕಿ ಹಾಕ್ಕೊಳ್ಳಪ್ಪ, ಕೆಳಗಿನ ಹೊಗೆಯೆಲ್ಲ ಒಳಗೇ ಬರುತ್ತೆ" ಅಂದೆ. ಅವನು ಕಂಪ್ಯೂಟರಿನಿಂದ ಕಣ್ಣು ಎತ್ತಿ ನಕ್ಕ. "ಹಾಕಿದರೆ ಸೆಕೆ ಮೇಡಂ, ಗಾಳಿ ಬೇಡ್ವಾ?" ಅಂದ. ಕೆಳಗೆ ಸಿಗ್ನಲ್ ಹಸಿರಾಯಿತು. ಗಾಡಿಗಳ ಸದ್ದಿಗೆ ನಾನು ಹೇಳಿದ ಮುಂದಿನ ಮಾತು ಅವನಿಗೆ ಕೇಳಿಸಲಿಲ್ಲ. ಮೀಟರನ್ನು ಬೀರುವಿನಿಂದ ತಂದು ಅವನ ಟೇಬಲ್ಲಿನ ಮೇಲೆ ಒಂದು ದಿನ ಇಡಲೇ ಬೇಡವೇ ಎಂದು ಇನ್ನೂ ಯೋಚಿಸುತ್ತಿದ್ದೇನೆ.